ಫೋರ್ಮನ್ ಸಾಹೇಬರ ರಾಟೆ

ಜೆ.ಜೆ.ಎಂ. ಮೆಡಿಕಲ್ ಕಾಲೇಜು 1965ರಲ್ಲೇ ಶುರುವಾದ ಊರು ನಮ್ಮದು. ಡಾಕ್ಟರುಗಳಿಗೆ ಬರವಿಲ್ಲ. ಆದರೂ ದಾವಣಗೆರೆಯಲ್ಲಿ "ಅಯ್ಯೋ ಕುತ್ತಿಗೆ" ಅಂದವನಿಗೆ ಮೊದಲು ಸಿಗುವುದು ಡಾಕ್ಟರಲ್ಲ, ಹಳೇ ಪೇಷಂಟು.

ಹಳೇ ಪೇಷಂಟು ಅನ್ನುವುದು ಒಂದು ಹುದ್ದೆ. ಪ್ರತಿ ಫಿಸಿಯೋಥೆರಪಿ ಕ್ಲಿನಿಕ್ಕಿನಲ್ಲೂ ಒಬ್ಬರಿರುತ್ತಾರೆ. ಯಾವ ಮಂಚದ ಮೇಲಿನ ಫ್ಯಾನು ತಿರುಗುತ್ತದೆ, ಯಾವ ಮೆಷಿನ್ನಿನ ಕರೆಂಟು ಇರುವೆ ಹರಿದಂತೆ, ಯಾವುದರದು ಚೇಳು ಕುಟುಕಿದಂತೆ, ಎಲ್ಲ ಗೊತ್ತು. ನಿಮ್ಮ ಎಕ್ಸ್‌ರೇ ಕವರನ್ನು ನಿಮ್ಮ ಕೈಯಿಂದಲೇ ಇಸಿದುಕೊಂಡು, ಟ್ಯೂಬ್‌ಲೈಟಿಗೆ ಹಿಡಿದು, "ಸವೆದೈತಿ" ಅಂದುಬಿಡುತ್ತಾರೆ. ನಿಮಗೆ ಈಗ ಬಂದಿರುವ ನೋವು ಅವರಿಗೆ ಹತ್ತು ವರ್ಷದ ಹಿಂದೆಯೇ, ಇದಕ್ಕಿಂತ ಜೋರಾಗಿ, ಬಂದು ಹೋಗಿರುತ್ತದೆ. ನಿಮ್ಮದು ಏನಿದ್ದರೂ ಕಿರಿಯರ ವಿಭಾಗ.

ನನಗೆ ಗಂಟುಬಿದ್ದವರು ಹರಿಹರದ ಫೋರ್ಮನ್ ಸಾಹೇಬರು.

ನನ್ನ ಕಥೆ ಸಣ್ಣದು. ಮೂವತ್ತು ವರ್ಷ ಪಿಯು ಹುಡುಗರ ಕನ್ನಡ ಪೇಪರು ತಿದ್ದಿದವನು ನಾನು. ಒಂದು ಬೆಳಿಗ್ಗೆ ಎಡಗಡೆ ಕತ್ತು ಹಿಡಿದುಕೊಂಡಿತು. ಎರಡು ತಿಂಗಳಲ್ಲಿ ಭುಜವೂ ಅದರ ಜೊತೆ ಸೇರಿತು. ಸಿಟಿ ಬಸ್ಸಿನಲ್ಲಿ ಮೇಲಿನ ಕಂಬಿ ಕೈಗೆಟುಕಲಿಲ್ಲ. ಬನಿಯನ್ ತೊಡಲು ಹೆಂಡತಿ ಬೇಕಾದಳು. ಎಡಗೈ ಅಂದಕೂಡಲೇ ಡಾಕ್ಟರು ಮೊದಲು ಇಸಿಜಿ ತೆಗೆಸಿದರು. ಹೃದಯ ನೆಟ್ಟಗಿತ್ತು, ಸಕ್ಕರೆ ನೆಟ್ಟಗಿರಲಿಲ್ಲ. ಶುಗರ್ ಇದ್ದವರಿಗೆ ಇದು ಜಾಸ್ತಿಯಂತೆ. ಹೆಸರು ಫ್ರೋಜನ್ ಶೋಲ್ಡರ್. ಬಾಸ್ಟನ್ನಿನ ಕಾಡ್‌ಮನ್ ಎಂಬ ಸರ್ಜನ್ 1934ರಲ್ಲಿ ಇಟ್ಟ ಹೆಸರು. ಬಾಸ್ಟನ್ನಿನಲ್ಲಿ ಹಿಮ ಬೀಳುತ್ತದೆ, ಅಲ್ಲಿ ಆ ಹೆಸರು ಸರಿ. ಏಪ್ರಿಲ್ ಬಿಸಿಲಿನ ದಾವಣಗೆರೆಯಲ್ಲಿ ಹೆಪ್ಪುಗಟ್ಟಿದ್ದು ನನ್ನ ಭುಜ ಒಂದೇ. ಹರಿಹರೇಶ್ವರನ ವಿಗ್ರಹದಲ್ಲಿ ಬಲಭಾಗ ಹರ, ಎಡಭಾಗ ಹರಿ. ನನ್ನ ಮೈಯಲ್ಲೂ ಹಾಗೇ ಆಗಿತ್ತು. ಬಲಗೈ ತಾಂಡವಕ್ಕೆ ಸಿದ್ಧ, ಎಡಗಡೆ ಯೋಗನಿದ್ರೆ.

"ಇಪ್ಪತ್ತು ದಿನ ಫಿಸಿಯೋಥೆರಪಿ ಮಾಡಿಸಿ" ಎಂದು ಡಾಕ್ಟರು ಚೀಟಿ ಬರೆದರು. ಚೀಟಿ ಹಿಡಿದು ಕ್ಲಿನಿಕ್ಕಿಗೆ ಹೋದೆ. ಬಾಗಿಲ ಪಕ್ಕದ ಕುರ್ಚಿಯಲ್ಲಿ ಎಪ್ಪತ್ತು ದಾಟಿದ ಒಬ್ಬರು, ಖಾಕಿ ಪ್ಯಾಂಟು, ಜೇಬಿನಲ್ಲಿ ಆರಿಂಚಿನ ಸ್ಟೀಲ್ ಸ್ಕೇಲು. ಕೈ ನೀಡಿದರು. ನಮಸ್ಕಾರಕ್ಕೆ ಅಂದುಕೊಂಡೆ. ಎಕ್ಸ್‌ರೇಗೆ.

"ಹೆಡ್‌ಸ್ಟಾಕ್ ಅಲೈನ್‌ಮೆಂಟ್ ತಪ್ಪೈತಿ. ಐದನೇದಕ್ಕೂ ಆರನೇದಕ್ಕೂ ನಡುವೆ ವಾಷರ್ ಸವೆದೈತಿ ನೋಡ್ರಿ. ಏನ್ ಕೆಲ್ಸ ನಿಮ್ದು?"

"ಮೇಷ್ಟ್ರು."

"ಹಂಗನ್ರಿ! ಭುಜದ್ದು ತುಕ್ಕು. ಓಡಿಸ್ದೇ ಇಟ್ಟ ಮೆಷಿನ್ನು."

ನನಗೆ ಸಿಟ್ಟು ಬಂತು. ಒಳಗೆ ಫಿಸಿಯೋಥೆರಪಿ ಮೇಡಂ ಅದೇ ಎಕ್ಸ್‌ರೇ ನೋಡಿ, ಕುತ್ತಿಗೆಯ ಐದು ಮತ್ತು ಆರನೇ ಮೂಳೆಗಳ ನಡುವಿನ ಡಿಸ್ಕ್ ಸವೆದಿದೆ, ಭುಜ ಆಡಿಸದೆ ಬಿಗಿದುಕೊಂಡಿದೆ ಅಂದಾಗ ಸಿಟ್ಟು ಇಮ್ಮಡಿಯಾಯಿತು. ಇಂಥವರು ತಪ್ಪು ಹೇಳಿದರೆ ಸಹಿಸಬಹುದು. ಸರಿ ಹೇಳಿದರೆ ಹೇಗೆ ಸಹಿಸುವುದು?

ಹರಿಹರದ ಮೈಸೂರು ಕಿರ್ಲೋಸ್ಕರ್ ಅಂದರೆ ನಮ್ಮ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. 1941ರಲ್ಲಿ ಶುರುವಾಗಿ ದೇಶಕ್ಕೆಲ್ಲ ಲೇತ್ ಮಾಡಿ ಕಳಿಸಿದ ಕಾರ್ಖಾನೆ. ಅದಿದ್ದ ಜಾಗದ ಹೆಸರೇ ಯಂತ್ರಾಪುರ. ಕಾರ್ಖಾನೆ ಈಗಿಲ್ಲ. ಸಾಹೇಬರು ಅಲ್ಲಿ ಟರ್ನರ್ ಆಗಿ ಸೇರಿ ಫೋರ್ಮನ್ ಆಗಿ ಹೊರಬಂದವರು. ಬರುವಾಗ ಗುರುತಿನ ಚೀಟಿ, ಟೂಲು ಎಲ್ಲ ಗೇಟಿನಲ್ಲಿ ಒಪ್ಪಿಸಿರಬೇಕು, ಭಾಷೆಯನ್ನು ಮಾತ್ರ ಒಪ್ಪಿಸಲಿಲ್ಲ. ಅವರ ಪ್ರಕಾರ ಮನುಷ್ಯನ ದೇಹದಲ್ಲಿರುವುದು ಬೇರಿಂಗು, ಬುಷ್ಷು ಮತ್ತು ಲೂಸ್ ಪ್ಲೇ. ಕುತ್ತಿಗೆಗೆ ಕಾಲರ್ ಕಟ್ಟಿಕೊಂಡು ಬಂದವರನ್ನು ಕಂಡರೆ, "ಎಷ್ಟು ದಿನ ಜಾಕಿ ಕೊಟ್ಟು ನಿಲ್ಲಿಸ್ತೀರಿ? ಸ್ನಾಯು ಕೆಲ್ಸ ಮರ್ತುಬಿಡ್ತಾವ" ಎಂದು ಗದರುತ್ತಿದ್ದರು. ಕಟಿಂಗ್ ಶಾಪಿನಲ್ಲಿ ಲಟಕ್ ಅಂತ ಕತ್ತು ತಿರುಗಿಸಿಕೊಂಡು ಬಂದ ಹುಡುಗನೊಬ್ಬನಿಗೆ ಅರ್ಧ ಗಂಟೆ ಬೈದರು. ಅಲ್ಲಿ ಮೆದುಳಿಗೆ ಹೋಗುವ ರಕ್ತನಾಳವಿದೆ, ಅದು ಹರಿದರೆ ಪಾರ್ಶ್ವವಾಯು ಹೊಡೆಯಬಹುದು ಎಂದು ಮೇಡಂ ಒಂದು ವಾಕ್ಯದಲ್ಲಿ ಹೇಳಿದ್ದನ್ನು ಇವರು ಪುರಾಣ ಮಾಡಿದರು. "ಏಳೇ ಏಳು ಮೂಳೆ ರೀ ಕುತ್ತಿಗೆಗೆ. ಜಿರಾಫೆಗೂ ಏಳೇ. ಅದು ಯಾವತ್ತಾರ ಕಟಿಂಗ್ ಶಾಪಿಗೆ ಹೋಗೈತಾ?"

ಗೋಡೆಯ ಮೇಲೆ ಒಂದು ಚಿತ್ರಪಟವಿತ್ತು. ನ್ಯೂಯಾರ್ಕಿನ ಬೆನ್ನುಮೂಳೆ ಸರ್ಜನ್ ಕೆನೆತ್ ಹನ್ಸ್‌ರಾಜ್ 2014ರಲ್ಲಿ ಹಾಕಿದ ಲೆಕ್ಕ: ನೆಟ್ಟಗಿದ್ದಾಗ ಐದು ಕೆ.ಜಿ. ತೂಗುವ ತಲೆ, 60 ಡಿಗ್ರಿ ಬಗ್ಗಿದರೆ ಕುತ್ತಿಗೆಯ ಮೇಲೆ 27 ಕೆ.ಜಿ. ಭಾರ ಹಾಕುತ್ತದೆ. ಸಾಹೇಬರು ಸ್ಟೀಲ್ ಸ್ಕೇಲಿನಿಂದ ಅದನ್ನು ತಟ್ಟಿ ತೋರಿಸಿದರು. "ಅರ್ಧ ಸಿಮೆಂಟ್ ಚೀಲಕ್ಕಿಂತ ಜಾಸ್ತಿ ಆತು. ಮೇಷ್ಟ್ರೇ, ಮೂವತ್ತು ವರ್ಷ ಹಮಾಲಿ ಮಾಡೀರಿ, ಕೂಲಿ ಇಲ್ದಂಗೆ." ಅದೂ ಹುಡುಗರು ಬಿಡಿಸಿದ ಸಂಧಿ ಸಮಾಸ ಓದುವುದಕ್ಕೆ, ಎಂದು ನಾನು ಮನಸ್ಸಿನಲ್ಲೇ ಸೇರಿಸಿದೆ.

ಇದೆಲ್ಲ ಸಹಿಸಬಹುದಿತ್ತು. ಸಹಿಸಲಾಗದ್ದು ಟ್ರ್ಯಾಕ್ಷನ್.

ಟ್ರ್ಯಾಕ್ಷನ್ ಅಂದರೆ ಗೊತ್ತಿಲ್ಲದವರು ಪುಣ್ಯವಂತರು. ಅಂಗಾತ ಮಲಗಿಸಿ, ಗದ್ದಕ್ಕೊಂದು ಹಿಂದಲೆಗೊಂದು ಪಟ್ಟಿ ಬಿಗಿದು, ಹಗ್ಗವನ್ನು ಮೆಷಿನ್ನಿಗೆ ಕಟ್ಟುತ್ತಾರೆ. ಮೆಷಿನ್ನು ಕೆಲವು ಸೆಕೆಂಡು ಎಳೆಯುತ್ತದೆ, ಕೆಲವು ಸೆಕೆಂಡು ಬಿಡುತ್ತದೆ. ಹದಿನೈದು ನಿಮಿಷ ದವಡೆ ಅಲುಗಾಡಿಸುವಂತಿಲ್ಲ. ಸಂತೆಯಲ್ಲಿ ಕಟ್ಟಿದ ಎತ್ತಿನ ಭಂಗಿ. ಈ ಹದಿನೈದು ನಿಮಿಷಕ್ಕಾಗಿಯೇ ಸಾಹೇಬರು ಕಾಯುತ್ತಿದ್ದರು. ಪಟ್ಟಿ ಬಿಗಿಯುತ್ತಲೇ ಸ್ಟೂಲು ಎಳೆದುಕೊಂಡು ಪಕ್ಕದಲ್ಲಿ ಕೂರುವರು. ತಮ್ಮಂದಿರ ಸೈಟಿನ ಜಗಳ, ತುಂಗಭದ್ರೆಯ ನೀರಿನ ಮಟ್ಟ, ಅಶೋಕ ಟಾಕೀಸ್ ಪಕ್ಕದ ರೈಲ್ವೆ ಗೇಟಿನಲ್ಲಿ ಕತ್ತು ಚಾಚಿ ನಿಂತೂ ನಿಂತೂ ದಾವಣಗೆರೆಯವರ ಕತ್ತು ಹಾಳಾಯಿತೆಂಬ ಸಿದ್ಧಾಂತ. ಹೇಳುತ್ತಾ ಹೋಗುವುದಷ್ಟೇ ಆಗಿದ್ದರೆ ರೇಡಿಯೋ ಅಂದುಕೊಳ್ಳುತ್ತಿದ್ದೆ. ಇವರು ನಡುನಡುವೆ ಪ್ರಶ್ನೆ ಕೇಳುವರು.

"ಹೌದಲ್ರೀ?"

"ಹ್ಞ್..."

"ಮಾತಾಡಬೇಡಿ ಸಾರ್" ಎಂದು ಮೇಡಂ ಪರದೆಯಾಚೆಯಿಂದ ಗದರುವರು. ನನ್ನನ್ನು!

ನಾನು ಸುಮ್ಮನಿದ್ದರೂ ನನ್ನ ತಲೆ ಸುಮ್ಮನಿರುತ್ತಿರಲಿಲ್ಲ. ಮೆಷಿನ್ನು ಎಳೆದು ಬಿಟ್ಟಾಗಲೆಲ್ಲ ಅದು ಮೇಲೆ ಕೆಳಗೆ ಆಡುತ್ತಿತ್ತು. ನೋಡುವವರಿಗೆ ಹೂಂಗುಟ್ಟಿದಂತೆ. ಹೀಗೆ ನಾನು ಮೊದಲನೇ ವಾರ ಅವರ ಮೊಮ್ಮಗನಿಗೆ ವ್ಯಾಕರಣ ಹೇಳಿಕೊಡಲು ಒಪ್ಪಿಕೊಂಡೆ. ಎರಡನೇ ವಾರ ರಾಣೆಬೆನ್ನೂರಿನ ಯಾರದೋ ಗೃಹಪ್ರವೇಶಕ್ಕೆ ಬರುವುದಾಗಿ ಮಾತು ಕೊಟ್ಟೆ. ಮೂರನೇ ವಾರ ಅವರು ಕೇಳಿದ್ದು: "ಮನ್ಯಾಗ ಕೈ ಎತ್ತಾಕೆ ರಾಟೆ ಐತೇನ್ರಿ? ಇಲ್ಲ? ಭಾನುವಾರ ಬಂದು ಹಾಕ್ಲಾ?" ನಾನು ಹುಬ್ಬಿನಿಂದ ಬೇಡ ಅಂದೆ. ತಲೆ ಹೂಂ ಅಂದಿತು.

ಭಾನುವಾರ ಬೆಳಿಗ್ಗೆ ಏಳಕ್ಕೆ ಬಾಗಿಲು ಬಡಿಯಿತು. ಹರಿಹರದಿಂದ ಹದಿನಾಲ್ಕು ಕಿಲೋಮೀಟರು ಬಸ್ಸಿನಲ್ಲಿ, ಹೆಗಲಿಗೆ ಗೋಣಿ ಚೀಲ. ಅದರಿಂದ ಡ್ರಿಲ್ಲು, ತೂಕದ ಗುಂಡು, ಮಟ್ಟದ ಗೋಲಿ, ನೈಲಾನ್ ಹಗ್ಗ ಒಂದೊಂದಾಗಿ ಹೊರಬಂದವು. ಕೊನೆಗೆ ಹಳೇ ಧೋತಿಯಲ್ಲಿ ಸುತ್ತಿದ ಒಂದು ಹಿತ್ತಾಳೆ ರಾಟೆ. ಯಾರದೋ ಶೆಡ್ಡಿನ ಲೇತಿನಲ್ಲಿ ತಾವೇ ಕೂತು ಟರ್ನ್ ಮಾಡಿದ್ದಂತೆ. ಕನ್ನಡಿಯ ಹಾಗೆ ಹೊಳೆಯುತ್ತಿತ್ತು. ನನಗೆ ಇಷ್ಟವಿಲ್ಲದಿದ್ದರೂ ಕೈಯಲ್ಲಿ ಹಿಡಿದು ಎರಡು ಸಲ ತಿರುಗಿಸಿದೆ. ಗಾಳಿಗೆ ತಿರುಗಿದಷ್ಟು ಹಗುರ.

"ಏನ್ರೀ ಇದು, ಬಾಗಿಲ ಚೌಕಟ್ಟಿಗೆ ತೂತು ಕೊರೀತಿದ್ದಾರಲ್ಲ?" ಹೆಂಡತಿ ಅಡುಗೆಮನೆಯಿಂದ ಓಡಿಬಂದಳು.

"ತಂಗೆಮ್ಮಾ, ಸಾಗುವಾನಿ ಐತಿ, ಹೆದರಬ್ಯಾಡ. ಹಬ್ಬಕ್ಕೆ ಬಾಳೆಗೊನೆ ತೂಗು ಹಾಕಾಕೂ ಬರ್ತೈತಿ."

ಒಂದು ರಾಟೆಗೆ ಎರಡೂವರೆ ಗಂಟೆ. ಸ್ಕೇಲಿಟ್ಟು ಅಳೆದದ್ದೇ ಅಳೆದದ್ದು. ನನ್ನನ್ನು ಕೆಳಗೆ ನಿಲ್ಲಿಸಿ, ಒಳ್ಳೆಯ ಕೈಯಿಂದ ಕೆಟ್ಟ ಕೈಯನ್ನು ಹೇಗೆ ಮೇಲಕ್ಕೆ ಎಳೆಯಬೇಕು, ನೋವಿನ ಗಡಿ ಮುಟ್ಟಿ ಹೇಗೆ ನಿಲ್ಲಬೇಕು ಎಂದು ತೋರಿಸಿದರು. ಮೇಡಂ ಹೇಳಿದ್ದನ್ನೇ, ಮೇಡಂಗಿಂತ ಸಿಟ್ಟಿನಿಂದ. ಆಮೇಲೆ ನನ್ನನ್ನು ಬೆಣ್ಣೆ ದೋಸೆ ಹೋಟೆಲಿಗೆ ಎಳೆದೊಯ್ದು, ದೋಸೆಯ ಮೇಲೆ ಇನ್ನೊಂದು ಮುದ್ದೆ ಬೆಣ್ಣೆ ಹಾಕಿಸಿ, "ಬೇರಿಂಗಿಗೆ ಗ್ರೀಸು ಬೇಕಲ್ರೀ" ಅಂದರು. ನನ್ನ ಶುಗರ್ ಬಗ್ಗೆ ಅವರ ಇಂಜಿನಿಯರಿಂಗ್ ಏನೂ ಹೇಳುತ್ತಿರಲಿಲ್ಲ.

ಇಲ್ಲಿ ಒಂದು ಗುಟ್ಟು ಹೇಳಬೇಕು. ಕ್ಲಿನಿಕ್ಕಿಗೆ ಬರುವ ನಾವೆಲ್ಲ ಕಳ್ಳರು. ಕರೆಂಟು ಇಡಿಸಿಕೊಳ್ಳುವುದು ನಮಗೆ ಇಷ್ಟ, ಶಾಖವೂ ಇಷ್ಟ, ಬಿಲ್ಲು ಜಾಸ್ತಿಯಾದಷ್ಟೂ ನಂಬಿಕೆ. ಇವೆಲ್ಲ ನೋವು ತಗ್ಗಿಸಿ ಮೈಯನ್ನು ವ್ಯಾಯಾಮಕ್ಕೆ ಹದ ಮಾಡುವುದಕ್ಕಷ್ಟೇ, ಗುಣವಾಗುವುದು ನೀವು ಮನೆಯಲ್ಲಿ ಮಾಡುವುದರಿಂದ ಎಂದು ಮೇಡಂ ದಿನಾ ಹೇಳುತ್ತಿದ್ದರು. ಗದ್ದ ಹಿಂದಕ್ಕೆಳೆದು ಹತ್ತು ಎಣಿಸು, ಬಗ್ಗಿ ನಿಂತು ಕೈಯನ್ನು ಲೋಲಕದಂತೆ ಆಡಿಸು, ಬೆರಳುಗಳಲ್ಲಿ ಗೋಡೆ ಹತ್ತು. "ಮನೇಲಿ ಮಾಡಿದ್ರಾ?" "ಮಾಡ್ದೆ ಮೇಡಂ." ಮೂವತ್ತು ವರ್ಷ ಹುಡುಗರ "ಹೋಂವರ್ಕ್ ಮಾಡೀನಿ ಸಾರ್, ಪುಸ್ತಕ ಮರ್ತು ಬಂದೀನಿ" ಕೇಳಿ ಬೆಳೆದ ನನ್ನ ಬಾಯಿಗೆ ಈ ಸುಳ್ಳು ಎಷ್ಟು ಸಲೀಸಾಗಿ ಬಂತೆಂದರೆ, ಆ ಹುಡುಗರ ಮೇಲೆ ಈಗ ಗೌರವ ಬಂದಿದೆ.

ಮಾಡುತ್ತಿದ್ದವರು ಒಬ್ಬರೇ. ಸಾಹೇಬರ ಚೀಲದಲ್ಲಿ ಒಂದು ನೋಟುಪುಸ್ತಕ ಇರುತ್ತಿತ್ತು. ತಾರೀಖು, ಶಿಫ್ಟು, ಎಷ್ಟು ಸಲ, ನೋವು ಎಷ್ಟು, ಎಲ್ಲ ಗೆರೆ ಹಾಕಿ. ಅವರ ಭುಜವೂ ನನ್ನ ಹಾಗೆಯೇ ಹಿಡಿದಿತ್ತಂತೆ; ಬಿಡಲು ಒಂದೂವರೆ ವರ್ಷ. ಈಗ ಕೈ ಎತ್ತಿದರೆ ಕಿವಿಗೆ ತಾಗುತ್ತದೆ. ಯಾರು ಕೇಳಲಿ ಬಿಡಲಿ ಎತ್ತಿ ತೋರಿಸುತ್ತಾರೆ. ಕುತ್ತಿಗೆ ಮಾತ್ರ ಸರಿಹೋಗಲಿಲ್ಲ. ಚಕ್ಕಿನ ಮೇಲೆ ಬಗ್ಗಿದ್ದು ಬಗ್ಗಿದಂತೆಯೇ ಉಳಿದಿದೆ. ನಡೆಯುವಾಗ ರಸ್ತೆಯಲ್ಲಿ ಏನೋ ಬಿದ್ದದ್ದು ಹುಡುಕುವವರಂತೆ ಕಾಣುತ್ತಾರೆ. "ಇದಕ್ಕಿನ್ನು ಓವರ್‌ಹಾಲಿಂಗ್ ಇಲ್ಲ. ಸರ್ವೀಸಿಂಗ್ ಅಷ್ಟೇ" ಅನ್ನುತ್ತಾರೆ.

ಒಮ್ಮೆ ಪಟ್ಟಿ ಬಿಚ್ಚಿದ ಮೇಲೆ ಕೇಳಿದೆ. "ಅಲ್ಲ ಸಾಹೇಬ್ರೇ, ಹರಿಹರದಲ್ಲೂ ಫಿಸಿಯೋಥೆರಪಿ ಇದೆಯಲ್ಲ. ಇಷ್ಟು ದೂರ ಯಾಕೆ ಬರ್ತೀರಿ?"

"ಐತಿ. ಹೋಗ್ತಿದ್ದೆ. ಅಲ್ಲಿ ನಾಕು ಮಂಚದಾಗ ಮೂರು ಮಂಚ ನಮ್ಮ ಡಿಪಾರ್ಟ್‌ಮೆಂಟಿನೋರೇ. ಹೇಳಿದ್ ಮಾತು ಒಬ್ನೂ ಕೇಳಲ್ಲ. ಎಲ್ಲಾ ಫೋರ್ಮನ್ನರೇ!"

ಇಬ್ಬರೂ ನಕ್ಕೆವು. ಆಮೇಲೆ ಅವರು ಸ್ಕೇಲನ್ನು ಜೇಬಿನಿಂದ ತೆಗೆದು ಮತ್ತೆ ಅದೇ ಜೇಬಿಗೆ ಇಟ್ಟುಕೊಂಡರು. "ಡ್ರಿಲ್ಲಿಂಗಿನೋನಿಗೆ ಬಲಭುಜ, ಟರ್ನರಿಗೆ ಕತ್ತು, ಲೋಡಿಂಗಿನೋನಿಗೆ ಸೊಂಟ. ನೋವು ಕೇಳಿದ್ರೆ ಸಾಕು, ಯಾವ ಸೆಕ್ಷನ್ ಅಂತ ಹೇಳ್ಬೋದಿತ್ತು. ಐದು ಜನ ಇದ್ವಿ. ಹೋದ ವರ್ಷ ಎರಡು ಮಂಚ ಖಾಲಿ ಆದ್ವು." ನಾನು ಏನಾದರೂ ಹೇಳಬೇಕಿತ್ತು. ಕುತ್ತಿಗೆಗೆ ಪಟ್ಟಿ ಇಲ್ಲದಿದ್ದರೂ ಮಾತು ಹೊರಡಲಿಲ್ಲ. ಅಷ್ಟರಲ್ಲಿ ಅವರೇ, "ನಿಮ್ದು ಇವತ್ತಿನ ಪ್ರೊಡಕ್ಷನ್ ಎಷ್ಟಾತು?" ಎಂದು ಜೋರು ಮಾಡಿದರು.

ನನ್ನ ಇಪ್ಪತ್ತು ದಿನ ಮುಗಿದು ನಾಲ್ಕು ತಿಂಗಳಾಯಿತು. ಕ್ಲಿನಿಕ್ಕಿನ ಋಣ ತೀರಿತು. ಸಾಹೇಬರದು ತೀರಲಿಲ್ಲ. ದಿನಾ ಬೆಳಿಗ್ಗೆ ಆರೂವರೆಗೆ ಫೋನು. "ಮೇಷ್ಟ್ರೇ, ಶಿಫ್ಟ್ ಶುರುವಾತಾ?" ಹಾಸಿಗೆಯಿಂದಲೇ ಹೂಂ ಅನ್ನುತ್ತಿದ್ದೆ. ಹೂಂಗಳ ಬೆಲೆ ಅವರಿಗೆ ಗೊತ್ತಾಗಿತ್ತೋ ಏನೋ, ಫೋನನ್ನು ರಾಟೆಯ ಹತ್ತಿರ ಹಿಡಿಯಿರಿ ಅಂದರು.

ಕಳೆದ ವಾರ ಒಂದು ಉಪಾಯ ಮಾಡಿದೆ. ಬಾಗಿಲ ಕೆಳಗೆ ಕುರ್ಚಿ ಹಾಕಿಕೊಂಡು, ಫೋನನ್ನು ಸ್ಪೀಕರಿಗೆ ಹಾಕಿ, ಎಡಗೈಯನ್ನು ತೊಡೆಯ ಮೇಲೆ ಬೆಚ್ಚಗೆ ಇಟ್ಟು, ಬಲಗೈಯೊಂದರಿಂದಲೇ ಹಗ್ಗದ ಎರಡೂ ತುದಿಗಳನ್ನು ಒಂದಾದ ಮೇಲೊಂದರಂತೆ ಎಳೆದೆ. ರಾಟೆ ಸರ್ರ್ ಸರ್ರ್ ಎಂದು ತಿರುಗಿತು. ಇಪ್ಪತ್ತು ಸಲ. ಆ ಕಡೆಯಿಂದ ಸದ್ದಿಲ್ಲ. ಗೆದ್ದೆ ಅಂದುಕೊಂಡೆ.

"ಮೇಷ್ಟ್ರೇ."

"ಹ್ಞಾಂ ಸಾಹೇಬ್ರೇ?"

"ಟರ್ನ್‌ಮಾಸ್ಟರ್ ಲೇತ್ ಓಡ್ತಿದ್ರೆ ಕಣ್ಮುಚ್ಕಂಡು ಹೇಳ್ತಿದ್ದೆ ನಾನು, ಟೂಲ್ ಜಾಬಿಗೆ ತಾಗೈತೋ, ಬರೇ ಗಾಳ್ಯಾಗ ತಿರುಗಾಕತ್ತೈತೋ ಅಂತ." ಒಂದು ಕ್ಷಣ ಬಿಟ್ಟು ಅಂದರು: "ಲೋಡ್ ಇಲ್ಲ. ಎದ್ದು ನಿಂತ್ಕಳ್ರಿ."