ಕೋಟೆಗೋಡೆ ಮತ್ತು ಕಲಿಕಾ ಫಲ: ಆವಿಲಾ ಏಕದಿನ ಪ್ರವಾಸ ಮೀಮಾಂಸೆ

ಸ್ಪೇನಿನ ಆವಿಲಾ ನಗರವನ್ನು ಸುತ್ತಿರುವ ಕೋಟೆಗೋಡೆ ಸುಮಾರು ಎರಡೂವರೆ ಕಿಲೋಮೀಟರ್ ಉದ್ದ. ಎಂಬತ್ತಕ್ಕೂ ಹೆಚ್ಚು ಬುರುಜು, ಒಂಬತ್ತು ಬಾಗಿಲು. ಮಧ್ಯಯುಗದಲ್ಲಿ ಶತ್ರುಗಳನ್ನು ತಡೆಯಲು ಇದನ್ನು ಕಟ್ಟಿದರೆಂಬುದು ಇತಿಹಾಸಕಾರರು ಈವರೆಗೆ ಪೋಷಿಸಿಕೊಂಡು ಬಂದ ಮೂಢನಂಬಿಕೆ. ಮ್ಯಾಡ್ರಿಡ್ ಕಡೆಯಿಂದ ಬೆಳಿಗ್ಗೆ ಬಸ್ಸಿನಲ್ಲಿ ಬಂದಿಳಿದು ಸಂಜೆಗೆ ಮರಳುವ ವಿದ್ಯಾರ್ಥಿ ಸಮೂಹದ ವರ್ತನೆಯನ್ನು ‘ಅನುಭವಾತ್ಮಕ ಕಲಿಕೆಯ ಬಹುಸ್ತರೀಯ ಅಂತರ್‌ಸಾಂಸ್ಕೃತಿಕ ಚೌಕಟ್ಟಿ’ನೊಳಗಿಟ್ಟು ಪರಾಮರ್ಶಿಸಿದಾಗ, ಗೋಡೆ ಎದ್ದದ್ದು ಗುಂಪು ಫೋಟೊಗೆ ಹಿನ್ನೆಲೆಯಾಗಲೆಂದೇ ಎಂಬುದು ನಿಸ್ಸಂಶಯವಾಗಿ ಸಿದ್ಧವಾಗುತ್ತದೆ. ಅದಾಹಾ ನದಿಯಾಚೆಯ ‘ನಾಲ್ಕು ಕಂಬ’ದ ದಿಬ್ಬದ ಮೇಲೆ ನಿಂತರೆ ಇಡೀ ಕೋಟೆ ಒಂದೇ ಫ್ರೇಮಿನಲ್ಲಿ ಸಿಗುತ್ತದೆ. ಶತ್ರುವಿಗೆ ಇಷ್ಟು ಅನುಕೂಲ ಮಾಡಿಕೊಡುವ ಸೇನಾಪತಿ ಎಲ್ಲಿದ್ದಾನೆ?

ಪ್ರವಾಸಿ ವಿದ್ಯಾರ್ಥಿಯಲ್ಲಿ ನಾಲ್ಕು ಪ್ರಭೇದಗಳನ್ನು ಗುರುತಿಸಬಹುದು. ಮೊದಲನೆಯದು ‘ಆರೋಹಿ’: ಟಿಕೆಟ್ ಕೊಂಡು ಗೋಡೆ ಹತ್ತುತ್ತದೆ, ಹತ್ತಿದ ಕಡೆಯೇ ಇಳಿಯುತ್ತದೆ. ಎರಡನೆಯದು ‘ಮಧುರಭಕ್ತ’: ಮೊಟ್ಟೆಯ ಹಳದಿಗೆ ಸಕ್ಕರೆ ಪಾಕ ಬೆರೆಸಿ ಮಾಡುವ, ಸಂತ ತೆರೇಸಾಳ ಹೆಸರು ಹೊತ್ತ ‘ಯೇಮಾ’ ಮಿಠಾಯಿಯ ಅಂಗಡಿ ಬಿಟ್ಟು ಕದಲದು. ಮೂರು ಮತ್ತು ನಾಲ್ಕನೆಯ ಪ್ರಭೇದಗಳೂ ಅದೇ ಅಂಗಡಿಯಲ್ಲಿ ಪತ್ತೆಯಾದ್ದರಿಂದ ವರ್ಗೀಕರಣವನ್ನು ಇಲ್ಲಿಗೆ ಕೈಬಿಡಲಾಗಿದೆ. ಹುಡುಗರನ್ನು ಆಡಿಕೊಳ್ಳುವುದು ಸುಲಭ. ಪ್ರವಾಸದ ಕಲಿಕಾ ಫಲಗಳ ತಖ್ತೆ ಬರೆದವರು ಅವರಲ್ಲವಲ್ಲ. ‘ವಿದ್ಯಾರ್ಥಿಯು ಪರಂಪರೆಯ ಬಹುತ್ವವನ್ನು ಮೆಚ್ಚುವನು’, ‘ಸಹಬಾಳ್ವೆಯ ಮೌಲ್ಯವನ್ನು ಅಂತರ್ಗತಗೊಳಿಸಿಕೊಳ್ಳುವನು’ ಎಂದು ಬಸ್ಸು ಹೊರಡುವ ಮೊದಲೇ ಫಲಗಳನ್ನು ಟೈಪು ಮಾಡಿಟ್ಟವರು ದೊಡ್ಡವರು. ಫಲ ಮೊದಲೇ ನಿಶ್ಚಯವಾದ ಮೇಲೆ ಊರು ನೋಡುವುದು ಬರೀ ಔಪಚಾರಿಕತೆ.

ಆ ಗೋಡೆಯಾದರೋ ಯಾವ ಚೌಕಟ್ಟಿಗೂ ಕಾಯದೆ ತಾನೇ ಪಾಠ ಹೇಳುತ್ತದೆ. ರೋಮನ್ನರ ಸಮಾಧಿಗಳ ಕಲ್ಲುಗಳನ್ನು ಕಿತ್ತು ತಂದು ಅದರಲ್ಲಿ ಸೇರಿಸಿದ್ದಾರೆ. ಕ್ಯಾಥೆಡ್ರಲ್‌ನ ಹಿಂಭಾಗವೇ ಗೋಡೆಯಿಂದ ಬುರುಜಾಗಿ ಹೊರಚಾಚಿದೆ. ಒಳಗೆ ಪೂಜೆ, ಮೇಲೆ ಕಾವಲು. ದೇವರನ್ನೂ ದಂಡನ್ನೂ ಬೇರೆ ಮಾಡಲಾಗದ ಕಾಲವನ್ನು ಇದಕ್ಕಿಂತ ನೇರವಾಗಿ ಯಾವ ಪಠ್ಯಪುಸ್ತಕ ತೋರಿಸೀತು? ಇನ್ನು ‘ಸಹಬಾಳ್ವೆ’. ಯೆಹೂದಿ ಅನುಭಾವದ ‘ಜೋಹರ್’ ಗ್ರಂಥದೊಂದಿಗೆ ಹೆಸರು ಬೆಸೆದುಕೊಂಡ ಮೋಸೆಸ್ ದ ಲಿಯೋನ್ ಬಾಳಿದ ಊರು ಇದು. 1492ರಲ್ಲಿ ಯೆಹೂದಿಗಳನ್ನು ದೇಶದಿಂದಲೇ ಓಡಿಸಿದರು. ಗೋಡೆಯ ಹೊರಗಿನ ಸಾಂತೋ ತೋಮಾಸ್ ಮಠವನ್ನು ಕಟ್ಟಲು ಇನ್‌ಕ್ವಿಸಿಷನ್ ಎಂಬ ಧರ್ಮವಿಚಾರಣಾ ಮಂಡಳಿ ಜಪ್ತಿ ಮಾಡಿದ ಹಣವೂ ಬಳಕೆಯಾಯಿತು. ಆ ವಿಚಾರಣೆಗಳ ಮುಖ್ಯಸ್ಥ ತೊರ್ಕೆಮಾದನನ್ನು 1498ರಲ್ಲಿ ಹೂತದ್ದೂ ಅಲ್ಲೇ. ಮಿಠಾಯಿ ಡಬ್ಬಿಯ ಮೇಲಿರುವ ತೆರೇಸಾ ಹುಟ್ಟಿದ್ದು 1515ರಲ್ಲಿ. ಅವಳ ಅಜ್ಜ ಮತಾಂತರಗೊಂಡ ಯೆಹೂದಿ. ಗುಟ್ಟಾಗಿ ಹಳೆಯ ಧರ್ಮ ಪಾಲಿಸಿದನೆಂದು 1485ರಲ್ಲಿ ಅವನನ್ನು ತೊಲೆದೊ ನಗರದಲ್ಲಿ ಪ್ರಾಯಶ್ಚಿತ್ತದ ಮೆರವಣಿಗೆ ಮಾಡಿಸಿದರು. ಇಷ್ಟನ್ನೂ ನುಂಗಿಕೊಂಡು ‘ಬಹುತ್ವವನ್ನು ಮೆಚ್ಚುವನು’ ಎಂದು ಬರೆಯಲು ಎಂಥ ಭಂಡತನ ಬೇಕು!

ಒಂದೇ ದಿನದಲ್ಲಿ ಇದೆಲ್ಲ ಹೇಗೆ ಸಾಧ್ಯ, ಏನೂ ನೋಡದಿರುವುದಕ್ಕಿಂತ ಇಷ್ಟಾದರೂ ವಾಸಿಯಲ್ಲವೇ ಎಂದು ಕೇಳುವವರಿದ್ದಾರೆ. ಆವಿಲಾ ಚಿಕ್ಕ ಊರು, ಒಂದು ದಿನ ಧಾರಾಳ ಸಾಕು. ಅಭಾವವಿರುವುದು ಹೊತ್ತಿನದಲ್ಲ, ತಖ್ತೆಯಲ್ಲಿಲ್ಲದ್ದನ್ನು ನೋಡುವ ಧೈರ್ಯದ್ದು. ಇಂಥ ಕ್ರೌರ್ಯದ ಕಥೆ ಎಳೆಯರಿಗೇಕೆ ಎಂಬುದು ಇನ್ನೊಂದು ಆಕ್ಷೇಪ, ಕೇಳಲು ಕರುಣೆಯ ಮಾತು. ಆದರೆ ತೊಲೆದೊದಲ್ಲಿ ಅಜ್ಜನ ಜೊತೆ ಆ ಶಿಕ್ಷೆಗೆ ಗುರಿಯಾದವರಲ್ಲಿ ಅವನ ಮಕ್ಕಳೂ ಇದ್ದರು. ತೆರೇಸಾಳ ತಂದೆ ಆಗ ಬಾಲಕ. ಆ ಬಾಲಕ ಅನುಭವಿಸಿದ್ದನ್ನು ಈ ಹದಿಹರೆಯದವರು ಕೇಳಿಸಿಕೊಳ್ಳಲಾರರೇ?

ಆದ್ದರಿಂದ ಅಧ್ಯಾಪಕರಲ್ಲಿ ವಿನಂತಿ: ‘ಸಹಬಾಳ್ವೆ’ಯ ಮುಂದೆ ಟಿಕ್ ಹಾಕುವ ಮುನ್ನ ಹುಡುಗರನ್ನು ಸಾಂತೋ ತೋಮಾಸ್‌ಗೆ ಕರೆದೊಯ್ಯಿರಿ. ಗೋಡೆಯಿಂದ ನಡೆದೇ ಹೋಗುವಷ್ಟು ದೂರ.