ಘಟನಾಭಾವ ಮೀಮಾಂಸೆ: ಏನೂ ನಡೆಯದ ಆಸ್ಪತ್ರೆಗಳ ಕುರಿತು

ವೈಶೇಷಿಕರು ಅಭಾವವನ್ನು ಏಳನೆಯ ಪದಾರ್ಥವೆಂದು ಎಣಿಸಿ, ಅದನ್ನು ನಾಲ್ಕು ಬಗೆಯಾಗಿ ವಿಂಗಡಿಸಿದರು. ಪಾಪ, ನಮ್ಮ ಆಸ್ಪತ್ರೆಗಳ ಘಟನಾ ವರದಿ ರಿಜಿಸ್ಟರ್ ನೋಡುವ ಭಾಗ್ಯ ಅವರಿಗಿರಲಿಲ್ಲ; ಶಾಸ್ತ್ರ ಅರ್ಧಕ್ಕೇ ನಿಂತಿತು. ಆ ಕೊರತೆ ತುಂಬುವುದೇ ಈ ಪ್ರಬಂಧದ ಪ್ರಯೋಜನ. ತಪ್ಪು ಇಂಜೆಕ್ಷನ್ ಬಿದ್ದಾಗಿದೆ, ವರದಿ ಇನ್ನೂ ಹುಟ್ಟಿಲ್ಲ: ಇದು ಪ್ರಾಗಭಾವ. ಬರೆದಿಟ್ಟ ಕೇಸ್ ಶೀಟ್ ನಾಪತ್ತೆಯಾದರೆ ಪ್ರಧ್ವಂಸಾಭಾವ. ವಾರ್ಡಿನವರು ಫಾರ್ಮಸಿಯತ್ತ, ಫಾರ್ಮಸಿಯವರು ಉಗ್ರಾಣದತ್ತ ಬೆರಳು ತೋರಿಸಿದರೆ ಅನ್ಯೋನ್ಯಾಭಾವ. ನಾಲ್ಕನೆಯ ಅತ್ಯಂತಾಭಾವವೇ ಆಡಳಿತದ ಪರಮಪದ. ಅಲ್ಲಿ ಮೂರು ಕಾಲದಲ್ಲೂ ಏನೂ ನಡೆದಿರುವುದಿಲ್ಲ.

ಇದಕ್ಕೆ ಪ್ರಮಾಣ ಬೇಕೆ? 2021ರ ಮೇ 2 ಮತ್ತು 3ರ ನಡುವೆ ಚಾಮರಾಜನಗರದ ಜಿಲ್ಲಾಸ್ಪತ್ರೆಯಲ್ಲಿ 24 ರೋಗಿಗಳು ತೀರಿಕೊಂಡರು. ಆಮ್ಲಜನಕವಿಲ್ಲದೆ ಸತ್ತವರು ಮೂವರೇ ಎಂಬುದು ರಾಜ್ಯ ಸರ್ಕಾರದ ಆಗಿನ ಲೆಕ್ಕ. ಸಿಲಿಂಡರ್ ತಡೆದವರು ಯಾರೆಂದು ಮೈಸೂರು ಮತ್ತು ಚಾಮರಾಜನಗರದ ಅಧಿಕಾರಿಗಳ ನಡುವೆ ಅನ್ಯೋನ್ಯಾಭಾವದ ವಾಕ್ಯಾರ್ಥವೇ ನಡೆಯಿತು. ಹೈಕೋರ್ಟ್ ನೇಮಿಸಿದ ಸಮಿತಿ ಆಮ್ಲಜನಕದ ಕೊರತೆಯನ್ನು ಎತ್ತಿ ಹೇಳಿತು. ಇಷ್ಟಾದ ಮೇಲೂ ಜುಲೈ 20ರಂದು ಕೇಂದ್ರ ಸರ್ಕಾರ ರಾಜ್ಯಸಭೆಗೆ ಕೊಟ್ಟ ಉತ್ತರವೇನೆಂದರೆ, ಆಮ್ಲಜನಕದ ಕೊರತೆಯಿಂದ ಸಾವಾಗಿದೆ ಎಂದು ಯಾವ ರಾಜ್ಯವೂ ನಿರ್ದಿಷ್ಟವಾಗಿ ವರದಿ ಮಾಡಿಲ್ಲ. ಉತ್ತರದಲ್ಲಿ ಸುಳ್ಳು ಹುಡುಕಬೇಡಿ. ವರದಿ ಇಲ್ಲ, ಆದ್ದರಿಂದ ಸಾವೂ ಇಲ್ಲ. ಮರಣ ಪ್ರಮಾಣಪತ್ರದ ಕಾರಣದ ಸಾಲಿನಲ್ಲಿ ‘ಹೃದಯ ಮತ್ತು ಶ್ವಾಸ ಸ್ತಂಭನ’ ಎಂದು ಬರೆದರೆ ಮುಗಿಯಿತು. ಭೂಮಿಯ ಮೇಲೆ ಸತ್ತವರೆಲ್ಲ ಸತ್ತಿರುವುದು ಹಾಗೆಯೇ ತಾನೆ.

ವರದಿ ಹುಟ್ಟಬೇಕಾದರೆ ಬರೆದವರನ್ನು ದಂಡಿಸಬಾರದು ಎಂದರೆ ಪೂರ್ವಪಕ್ಷದವರು ಎದ್ದು ನಿಲ್ಲುತ್ತಾರೆ: ತಪ್ಪು ಒಪ್ಪಿಕೊಂಡವರನ್ನೆಲ್ಲ ಬಿಟ್ಟುಬಿಟ್ಟರೆ ಹೊಣೆ ಹೊರುವವರು ಯಾರು? ಈಗ ಹೊತ್ತವರು ಯಾರು ಎಂದು ಅವರೇ ಹೇಳಲಿ. ಅಮೆರಿಕದ ವಿಮಾನಯಾನಕ್ಕಾಗಿ ನಾಸಾ 1976ರಿಂದ ಗೋಪ್ಯ ವರದಿ ವ್ಯವಸ್ಥೆ ನಡೆಸುತ್ತಿದೆ. ಬೇಕೆಂದು ಮಾಡದ ತಪ್ಪನ್ನು 10 ದಿನದೊಳಗೆ ತಿಳಿಸಿದ ಪೈಲಟ್‌ಗೆ ದಂಡನೆಯಲ್ಲಿ ವಿನಾಯಿತಿ ಸಿಗುತ್ತದೆ. ಅಪರಾಧಕ್ಕೂ ಅಪಘಾತಕ್ಕೂ ಆ ವಿನಾಯಿತಿ ಇಲ್ಲ. ಅಂದರೆ ಕಲಿಯಲೆಂದು ಕೇಳುವವರು ಬೇರೆ, ಶಿಕ್ಷಿಸುವವರು ಬೇರೆ. ನಮ್ಮಲ್ಲಿ ಎರಡೂ ಒಬ್ಬರೇ. ವರದಿ ಓದುವ ಮೇಲಧಿಕಾರಿಯೇ ನೋಟಿಸಿಗೆ ಸಹಿ ಹಾಕುವವರು.

ವರ್ಗೀಕರಣ ಇಲ್ಲಿಗೆ ಸಾಕು, ಇನ್ನು ಅದರಲ್ಲಿ ನಗುವಂಥದ್ದೇನೂ ಉಳಿದಿಲ್ಲ. ಆಮ್ಲಜನಕದ ಗೇಜಿನ ಮುಳ್ಳು ಇಳಿಯುವುದನ್ನು ಮೊದಲು ಕಾಣುವುದು ರಾತ್ರಿ ಪಾಳಿಯ ನರ್ಸ್. ಅನೇಕ ಕಡೆ ಆಕೆ ಗುತ್ತಿಗೆಯ ನೌಕರಳು. ಬರೆದರೆ ಕೆಲಸ ಹೋಗುತ್ತದೆ, ಬರೆಯದಿದ್ದರೆ ಜೀವ ಹೋಗುತ್ತದೆ. ಆ ಜೀವ ಯಾರದೋ ಬಡವರದು. ಇಂಥ ಆಯ್ಕೆಯನ್ನು ಆಕೆಯ ಮುಂದಿಟ್ಟು, ಗೋಡೆಗೆ ‘ರೋಗಿಯ ಸುರಕ್ಷತೆ ನಮ್ಮ ಆದ್ಯತೆ’ ಎಂಬ ಫಲಕ ಹೊಡೆಯುವವರಿಗೆ ನಾಚಿಕೆಯಾಗಬೇಕು. ತಪಾಸಣೆಗೆ ಬರುವವರು ಖಾಲಿ ರಿಜಿಸ್ಟರ್ ಕಂಡ ಕೂಡಲೇ ಶಹಬ್ಬಾಸ್ ಅನ್ನದೆ ಮೊದಲು ಅನುಮಾನಪಡಲಿ. ಬರೆದವರಿಗೆ ನೋಟಿಸ್ ಕೊಡುವ ಅಧಿಕಾರವನ್ನು ಅದೇ ಆಸ್ಪತ್ರೆಯ ಕೈಯಿಂದ ತೆಗೆಯಿರಿ.