ಕಲ್ಪತರು ಸೀಮೆಯಲ್ಲಿ ಓಲೆಗಳ್ಳರ ಅಭಾವ: ಒಂದು ಸಂಶೋಧನಾ ಪ್ರಬಂಧ

ಅಪರೂಪದ ಹಸ್ತಪ್ರತಿ ಕಳುವಾಗುವ ಪತ್ತೇದಾರಿ ಕಾದಂಬರಿಗೆ ಎಲ್ಲ ದೇಶಗಳಲ್ಲೂ ಒಂದೇ ಲಕ್ಷಣ. ಮೊದಲ ಅಧ್ಯಾಯದಲ್ಲಿ ಹಳೆ ಪುಸ್ತಕದಂಗಡಿಯವನ ಹೆಣ, ಎರಡನೆಯದರಲ್ಲಿ ಕಾಣೆಯಾದ ಹಾಳೆ, ಮೂರನೆಯದರಲ್ಲಿ ಕಣ್ಣು ತಪ್ಪಿಸಿ ಮಾತಾಡುವ ಪ್ರೊಫೆಸರು. ಈ ಲಕ್ಷಣವನ್ನು ತಿಪಟೂರು, ತುರುವೇಕೆರೆ, ಚಿ.ನಾ.ಹಳ್ಳಿ ಸೀಮೆಗೆ ಅನ್ವಯಿಸಲು ಹೊರಟರೆ ಶಾಸ್ತ್ರವೇ ಕುಸಿಯುತ್ತದೆ. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ತಂದು ತಿಪಟೂರು ಸ್ಟೇಷನ್ನಿನಲ್ಲಿ ಇಳಿಸಿದರೂ ಅವನು ಎಳನೀರು ಕುಡಿದು ಸಂಜೆಯ ರೈಲು ಹತ್ತಬೇಕಷ್ಟೆ. ಈ ಸೀಮೆಯಲ್ಲಿ ವಿದ್ವತ್ತಿಗೆ ಬರವಿಲ್ಲ. 1884ರಲ್ಲಿ ಬಿ.ಎಂ.ಶ್ರೀ. ಹುಟ್ಟಿದ್ದು ತುರುವೇಕೆರೆ ಕಡೆಯ ಸಂಪಿಗೆಯಲ್ಲಿ, 1906ರಲ್ಲಿ ತೀ.ನಂ.ಶ್ರೀ. ಹುಟ್ಟಿದ್ದು ಚಿ.ನಾ.ಹಳ್ಳಿ ತಾಲ್ಲೂಕಿನ ತೀರ್ಥಪುರದಲ್ಲಿ. ಬರವಿರುವುದು ಓಲೆ ಕದಿಯುವವರಿಗೆ. ಆದ್ದರಿಂದ ಪ್ರಸ್ತುತ ಪ್ರಬಂಧದ ಪ್ರತಿಜ್ಞೆ ಇದು: ಓಲೆಗರಿಗೆ ಕಳ್ಳನಿಂದ ಆದ ನಷ್ಟಕ್ಕಿಂತ ಕಳ್ಳನಿಲ್ಲದೆ ಆದ ನಷ್ಟವೇ ದೊಡ್ಡದು.

ಮೊದಲ ಪ್ರಮಾಣ ಪ್ರತ್ಯಕ್ಷ. ಅದು ಪ್ರತಿ ಮನೆಯ ಅಟ್ಟದ ಮೇಲಿದೆ. ಬಲಿತ ತೆಂಗಿನಕಾಯನ್ನು ಸಿಪ್ಪೆಸಮೇತ ಅಟ್ಟಕ್ಕೇರಿಸಿದರೆ ಹತ್ತು ಹನ್ನೊಂದು ತಿಂಗಳಲ್ಲಿ ಒಳಗಿನ ನೀರು ಇಂಗುತ್ತದೆ. ಕಿವಿಯ ಹತ್ತಿರ ಹಿಡಿದು ಅಲುಗಿಸಿದಾಗ ಗಿಟುಕು ಚಿಪ್ಪಿನೊಳಗೆ ಲೊಟಲೊಟ ಎಂದರೆ ಕೊಬ್ಬರಿಯಾಗಿದೆ ಎಂದು ನಿರ್ಣಯ. ಅಷ್ಟೂ ತಿಂಗಳು ಮನೆಯವರು ಇಲಿ, ಹೆಗ್ಗಣ, ಸೋರುವ ಹೆಂಚು, ಕಡೆಗೆ ನೆಂಟರ ಮೇಲೂ ಒಂದು ಕಣ್ಣಿಟ್ಟಿರುತ್ತಾರೆ. ಕಾರಣ ಸ್ಪಷ್ಟ: ಅದನ್ನು ಕದಿಯುವವರಿದ್ದಾರೆ, ಕೊಳ್ಳುವವರಿದ್ದಾರೆ, ತಿಪಟೂರು ಎಪಿಎಂಸಿಯಲ್ಲಿ ಹರಾಜಿದೆ, 2025ರ ಹಂಗಾಮಿಗೆ ಉಂಡೆ ಕೊಬ್ಬರಿಗೆ ಕ್ವಿಂಟಾಲಿಗೆ 12,100 ರೂಪಾಯಿ ಬೆಂಬಲ ಬೆಲೆಯೂ ಇತ್ತು. ಅದೇ ಅಟ್ಟದ ಮೂಲೆಯಲ್ಲಿ ಅಜ್ಜನ ಕಾಲದ ಓಲೆಕಟ್ಟೊಂದಿದೆ ಎಂದು ಭಾವಿಸೋಣ. ಎರಡು ಹಲಗೆ, ನಡುವೆ ತೂತಿಗೆ ಪೋಣಿಸಿದ ದಾರ, ಕಂಟದಲ್ಲಿ ಕೊರೆದು ಮಸಿ ತುಂಬಿದ ಅಕ್ಷರ. ವರ್ಷಕ್ಕೊಮ್ಮೆ ಅದಕ್ಕೆ ಅರಿಶಿನ ಕುಂಕುಮ. ಉಳಿದ ದಿನ ಗೆದ್ದಲಿನ ಸುಪರ್ದಿ. ಬೆಂಬಲ ಬೆಲೆಯಿಲ್ಲದ ವಸ್ತುವಿಗೆ ಕಾವಲೂ ಇಲ್ಲವೆಂಬುದು ಇದರಿಂದ ಸಿದ್ಧ.

ಎರಡನೆಯ ಪ್ರಮಾಣ ಮೂಡುಬಿದಿರೆಯದು. ಜೈನಾಗಮಕ್ಕೆ ವೀರಸೇನಾಚಾರ್ಯರು ಬರೆದ ಧವಲಾ ಟೀಕೆಯ ತಾಳೆಗರಿ ಪ್ರತಿಗಳು ಶತಮಾನಗಳ ಕಾಲ ಅಲ್ಲಿನ ಬಸದಿಯಲ್ಲಿ ಭದ್ರವಾಗಿದ್ದವು. ಎಷ್ಟು ಭದ್ರವೆಂದರೆ ದರ್ಶನ ಮಾಡಬಹುದಿತ್ತು, ಓದುವಂತಿರಲಿಲ್ಲ. ಕೊನೆಗೆ ನಕಲು ಮಾಡಿಸಲು ಒಪ್ಪಿಗೆಯೇನೋ ಸಿಕ್ಕಿತು. ಆದರೆ ನಕಲೂ ಬಸದಿಯ ಹೊಸ್ತಿಲು ದಾಟುವಂತಿರಲಿಲ್ಲ. ನಕಲಿಗೆ ಕೂತಿದ್ದ ಗಜಪತಿ ಉಪಾಧ್ಯಾಯರು ಪತ್ನಿ ಲಕ್ಷ್ಮೀಬಾಯಿಯವರ ನೆರವಿನಿಂದ ಗುಟ್ಟಾಗಿ ಕನ್ನಡ ಲಿಪಿಯಲ್ಲಿ ಇನ್ನೊಂದು ಪ್ರತಿ ಇಳಿಸಿಕೊಂಡರು. ಅದು ದೂರದ ಸಹಾರನ್‌ಪುರದ ಶ್ರೀಮಂತರೊಬ್ಬರ ಕೈಸೇರಿತು. ಅಲ್ಲಿ ಅದನ್ನು ನಾಗರಿಗೆ ಇಳಿಸಿದ ಸೀತಾರಾಮ ಶಾಸ್ತ್ರಿಗಳು ತಮಗೂ ಒಂದು ಪ್ರತಿ ಉಳಿಸಿಕೊಂಡರು, ಅಂದರೆ ಕದ್ದದ್ದನ್ನೇ ಕದ್ದರು. ಹೀಗೆ ಹರಡಿದ ಪ್ರತಿಗಳ ಬಲದಿಂದಲೇ ಹೀರಾಲಾಲ್ ಜೈನರು 1939ರಲ್ಲಿ ಮೊದಲ ಸಂಪುಟ ಅಚ್ಚು ಹಾಕಿಸಿದರು. ಗಂಡಹೆಂಡಿರು ಸೇರಿ ಮಾಡಿದ ಈ ಅಪರಾಧದಲ್ಲಿ ಮೂಲದ ಒಂದು ಗರಿಯೂ ಕಾಣೆಯಾಗಲಿಲ್ಲ. ಓದುಗರಿಗೆ ಮಾತ್ರ ಒಂದು ಗ್ರಂಥ ಸಿಕ್ಕಿತು. ಕಾದಂಬರಿಕಾರರು ಇದನ್ನು ಮುಟ್ಟದಿರುವುದು ಹೆಣ ಬೀಳಲಿಲ್ಲವೆಂಬ ಒಂದೇ ಕಾರಣಕ್ಕೆ.

ಇನ್ನು ಪೂರ್ವಪಕ್ಷ. ಕದಿಯದೆಯೂ ಗ್ರಂಥಗಳು ಉಳಿದಿಲ್ಲವೇ ಎಂದು ಕೇಳಬಹುದು. ಉಳಿದಿವೆ. ತಂಜಾವೂರು ಜಿಲ್ಲೆಯ ಪಂಡಿತರೊಬ್ಬರು ತಾವಾಗಿಯೇ ಮೈಸೂರಿನ ಓರಿಯೆಂಟಲ್ ಲೈಬ್ರರಿಗೆ ಒಂದು ಕಟ್ಟು ತಂದುಕೊಟ್ಟರು. ಆರ್. ಶಾಮಶಾಸ್ತ್ರಿಗಳು ಬಿಚ್ಚಿ ನೋಡಿದರೆ ಕೌಟಿಲ್ಯನ ಅರ್ಥಶಾಸ್ತ್ರ, 1909ರಲ್ಲಿ ಅಚ್ಚಾಯಿತು. ಶಾಸ್ತ್ರಿಗಳ ಹೆಸರು ಲೋಕವಿಖ್ಯಾತ, ಕೊಟ್ಟವರು ಇಂದಿಗೂ ‘ಒಬ್ಬ ಪಂಡಿತರು’. ಅವರೇ ಕದ್ದು ಸಿಕ್ಕಿಬಿದ್ದಿದ್ದರೆ ಹೆಸರು, ತಂದೆಯ ಹೆಸರು, ಎಡಗೆನ್ನೆಯ ಮಚ್ಚೆ ಸಮೇತ ಪೊಲೀಸ್ ದಫ್ತರಿನಲ್ಲಿ ಅಮರರಾಗುತ್ತಿದ್ದರು. ಕಳ್ಳರಿಗೆ ಹೀಗೆ ಸಲುಗೆ ಕೊಟ್ಟರೆ ಗ್ರಂಥಾಲಯಗಳ ಗತಿಯೇನು ಎಂಬುದು ಎರಡನೆಯ ಆಕ್ಷೇಪ. ನೇಪಲ್ಸ್‌ನ ಗಿರೊಲಾಮಿನಿ ಗ್ರಂಥಾಲಯದ ಸೂರೆ 2012ರಲ್ಲಿ ಬಯಲಾದಾಗ ಸಿಕ್ಕಿಬಿದ್ದವನು ಅದರ ನಿರ್ದೇಶಕನೇ. ಆದ್ದರಿಂದ ಈ ಪ್ರಬಂಧ ಮೂಲವನ್ನು ಹೊತ್ತೊಯ್ಯುವವನನ್ನು ಎತ್ತಿಹಿಡಿಯುವುದಿಲ್ಲ. ನಕಲಿಳಿಸಿಕೊಳ್ಳುವವನಿಗೆ ಮಾತ್ರ ಇಲ್ಲಿ ಮಾನ್ಯತೆ. ತೆಂಗೂ ತಾಳೆಯ ಬಂಧುವಲ್ಲವೇ, ಇಲ್ಲಿಯೇ ಓಲೆ ತಯಾರಿಸಬಾರದೇ ಎಂಬುದು ಮೂರನೆಯದು. ತೆಂಗಿನ ಗರಿ ಚಪ್ಪರಕ್ಕೂ ಪೊರಕೆಗೂ ಒದಗುತ್ತದೆ, ಕಾವ್ಯಕ್ಕೆ ಅಗಲ ಸಾಲದು. ಕಾನೂನೂ ಓಲೆಗೆ ಅನುಕೂಲವಾಗಿಲ್ಲ: 1972ರ ಪುರಾವಸ್ತು ಕಾಯ್ದೆಯ ಪ್ರಕಾರ ಹಸ್ತಪ್ರತಿಯೊಂದು ಪುರಾವಸ್ತುವಾಗಲು 75 ವರ್ಷವಾಗಿರಬೇಕು. ಗೆದ್ದಲು ಕಾಯ್ದೆ ಓದಿಲ್ಲ. ಅದಕ್ಕೆ ಒಂದು ಮಳೆಗಾಲ ಸಾಕು.

ಆದ್ದರಿಂದ ಸಿದ್ಧಾಂತ: ಯಾರೂ ಕದಿಯಲು ಬಯಸದ ಪುಸ್ತಕವನ್ನು ಯಾರೂ ಕಾಯುವುದಿಲ್ಲ, ಯಾರೂ ನಕಲು ಮಾಡದ ಪುಸ್ತಕ ಉಳಿಯುವುದಿಲ್ಲ. ಈ ಸೀಮೆಯ ಪತ್ತೇದಾರಿ ಕಾದಂಬರಿ ಬರೆಯಹೊರಟವರು ಪುಸ್ತಕದಂಗಡಿಯವನನ್ನು ಕೊಲ್ಲುವ ಶ್ರಮ ತೆಗೆದುಕೊಳ್ಳಬೇಕಿಲ್ಲ. ಅಪರಾಧಿ ಅಟ್ಟದ ತೊಲೆಯೊಳಗಿದ್ದಾನೆ, ಮನೆಯವರೆಲ್ಲ ಸಾಕ್ಷಿಗಳು. ವಾಚಕ ಮಹಾಶಯರಲ್ಲಿ ಅರಿಕೆ ಇಷ್ಟೆ. ಈ ಸಲ ಕೊಬ್ಬರಿ ಇಳಿಸುವಾಗ ಮೂಲೆಯ ಕಟ್ಟನ್ನೂ ಇಳಿಸಿ, ಧೂಳು ಕೊಡವಿ, ಗರಿಗರಿಗೂ ಒಂದೊಂದು ಫೋಟೋ ಹಿಡಿದಿಡಿ. ಓದಲು ಬಾರದಿದ್ದರೆ ಮೈಸೂರಿನ ಪ್ರಾಚ್ಯವಿದ್ಯಾ ಸಂಶೋಧನಾಲಯಕ್ಕೆ ತೋರಿಸಿ. ಅಲ್ಲಿ ಕ್ವಿಂಟಾಲಿಗೆ ಏನು ರೇಟು ಎಂದು ಮಾತ್ರ ಕೇಳಬೇಡಿ.